ಣಕ್ಕೆ ಗುಡಿಸು ಣಿ

ಮಾರ್ತಕ್ಕ,

ನೀವು ಬದುಕಿದ್ದಷ್ಟು ದಿನ ನಿಮ್ಮನ್ನು 'ನೀನು' ಅಂತಲೇ ಮಾತಾಡಿಸಿದೆ. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು ನೀವು. ಆದರೆ ನಾನು ಮೇಷ್ಟ್ರು, ನೀವು ಬೋರ್ಡಿಂಗಿನ ಅಡುಗೆಯವರು. ನೀವು 'ರೀ' ಹಚ್ಚುವುದು, ನಾನು 'ಬಾ, ಹೋಗು' ಅನ್ನುವುದು ಇಬ್ಬರಿಗೂ ರೂಢಿಯಾಗಿತ್ತು. ಈ ಕಾಗದದಲ್ಲಿ 'ನೀವು' ಅಂತ ಬರೆಯುತ್ತಿದ್ದೇನೆ. ಇದೂ ಒಂದು ತಿದ್ದುಪಡಿ ಅಂದುಕೊಳ್ಳಿ. ತಿದ್ದುವುದೊಂದು ಬಿಟ್ಟರೆ ನನಗೆ ಇನ್ನೇನು ಬರುತ್ತಿತ್ತು? 'ಇದ್ದಾಗ ಓದಾಕೆ ಬರದೋರು ಹೋದ ಮ್ಯಾಲೆ ಓದ್ತಾರೇನ್ರಿ?' ಅಂತ ನನ್ನ ಹೆಂಡತಿ ಕೇಳಿದಳು. ಈಗಲಾದರೂ ಬರಬಹುದು ಅಂದೆ. ಅವಳು ದೀಪದ ಬತ್ತಿ ಸರಿ ಮಾಡಿ ಒಳಗೆ ಹೋದಳು.

ನಾನು ಚನ್ನಗಿರಿಗೆ ಬಂದ ಮೊದಲ ಬೆಳಿಗ್ಗೆ ನೆನಪಿದೆಯೇ? ಮೈಸೂರು ಕಡೆಯವನು, ಇಪ್ಪತ್ತೆರಡು ವರ್ಷ, ತಲೆ ತುಂಬ ಎಣ್ಣೆ, ಜೇಬಿನಲ್ಲಿ ಕೆಂಪು ಪೆನ್ಸಿಲು. ಮಿಷನ್ ಶಾಲೆಯ ಹಿತ್ತಲಿಗೆ ಅಂಟಿಕೊಂಡು ಹೆಣ್ಣುಮಕ್ಕಳ ಬೋರ್ಡಿಂಗು. ಅಲ್ಲಿಯ ಹದಿನಾಲ್ಕು ಹುಡುಗಿಯರಿಗೆ ಬೀಸಿ, ಬೇಯಿಸಿ ಹಾಕುವವರು ನೀವು. ಶಾಲೆ, ಚರ್ಚು ಎರಡನ್ನೂ ಗುಡಿಸುವವರೂ ನೀವೇ. ನಾನು ಒಂದನೇ ಕ್ಲಾಸಿಗೆ ಕಾಗುಣಿತ ಹೇಳಿಸುತ್ತಿದ್ದೆ: ಣಕ್ಕೆ ತಲಕಟ್ಟು ಣ, ಣಕ್ಕೆ ಇಳಿ ಣಾ, ಣಕ್ಕೆ ಗುಡಿಸು ಣಿ. ನೀವು ಪೊರಕೆ ಹಿಡಿದು ಬಾಗಿಲಲ್ಲಿ ನಿಂತು, 'ಗುಡ್ಸಾದು ನನ್ನ ಕೆಲ್ಸ ಐತಲ್ರಿ ಮೇಷ್ಟ್ರೆ, ಮಕ್ಳಿಗ್ಯಾಕೆ ಹಚ್ತೀರಿ?' ಅಂದಿರಿ. ಮಕ್ಕಳೆಲ್ಲ ನಕ್ಕವು. ನನಗೆ ಸಿಟ್ಟು ಬಂತು. ಗುಡಿಸು ಅಂದರೆ ಅಕ್ಷರದ ನೆತ್ತಿಯ ಮೇಲೆ ಸುತ್ತಿಕೊಳ್ಳುವ ಗುರುತು, ಅದನ್ನು ತೆಗೆದು ಎತ್ವ ಕೊಟ್ಟರೆ ಣಿ ಹೋಗಿ ಣೆ ಆಗುತ್ತದೆ, ಮಾತೇ ಬೇರೆಯಾಗುತ್ತದೆ ಅಂತ ನಿಮಗೂ ಪಾಠ ಮಾಡಿದೆ. 'ಅಷ್ಟು ಸಣ್ಣ ಗೀಟಿಗೆ ಮಾತೇ ಬ್ಯಾರೆ ಆಗ್ತೈತಾ?' ಅಂತ ನೀವು ಕೇಳಿದಿರಿ. ಆಗುತ್ತದೆ ಅಂದೆ. ಎಷ್ಟು ಖಾತ್ರಿಯಾಗಿ ಅಂದೆ, ನೋಡಿ.

ನೀರಿನ ವಿಷಯಕ್ಕೆ ನಮ್ಮಿಬ್ಬರಿಗೂ ಆದ ಜಗಳ ಮರೆತಿಲ್ಲ. ಬೇಸಗೆಯ ಒಂದು ಮಧ್ಯಾಹ್ನ ಪುಟ್ಟ ಹುಡುಗಿಯೊಬ್ಬಳು 'ಸಾರ್, ನೀರು' ಅಂತ ಎದ್ದು ನಿಂತಳು. ಲೆಕ್ಕ ಮುಗಿಸಿ ಹೋಗು ಅಂದೆ. ಅಡುಗೆಮನೆಯಿಂದ ಅದು ಹೇಗೆ ಕೇಳಿಸಿತೋ, ನೀವು ಚೊಂಬು ಹಿಡಿದು ನೇರ ಕ್ಲಾಸಿನೊಳಗೇ ನುಗ್ಗಿದಿರಿ. ನನ್ನ ಕಡೆ ನೋಡಲೇ ಇಲ್ಲ. ಆ ಹುಡುಗಿ ಕುಡಿದು ಮುಗಿಸುವ ತನಕ ಅವಳ ಗಲ್ಲ ಹಿಡಿದುಕೊಂಡು ನಿಂತಿದ್ದಿರಿ. ನನಗೆ ಅವಮಾನವಾಯಿತು. 'ನಿನಗೆ ಮಕ್ಕಳಿಲ್ಲ, ಮಕ್ಕಳ ಹಟ ನಿನಗೇನು ಗೊತ್ತು' ಅಂದುಬಿಟ್ಟೆ. ಎಲ್ಲರಿಗೂ ಗೊತ್ತಿದ್ದದ್ದು ಅಷ್ಟೇ ತಾನೆ? ಜಗಳೂರು ಕಡೆಯಿಂದ ಒಂದು ತಗಡಿನ ಪೆಟ್ಟಿಗೆ ಹೊತ್ತು ಒಂಟಿಯಾಗಿ ಬಂದ ವಿಧವೆ, ಹಿಂದೆ ಮುಂದೆ ಯಾರೂ ಇಲ್ಲ. ನೀವು ಚೊಂಬು ತೊಳೆದು ಕವುಚಿಟ್ಟು, ಮತ್ತೆ ಬೀಸಲು ಕೂತಿರಿ.

ಆ ಬೀಸೋ ಕಲ್ಲಿನ ಮುಂದೆ ನೀವು ಹಾಡಿಕೊಳ್ಳುತ್ತಿದ್ದ ಪದ ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಕಿವಿಗೆ ಬಿದ್ದದ್ದು ಯುದ್ಧ ಶುರುವಾಗುವ ಮುಂಚಿನ ವರ್ಷ. ಹೊಸ ಕೀರ್ತನೆ ಪುಸ್ತಕಕ್ಕೆ ಮಿಷನ್ನಿನವರು ಎಲ್ಲ ಊರಿನ ಚರ್ಚು ಸಭೆಗಳಿಂದಲೂ ಹಾಡು ಕೇಳಿದ್ದರು. 'ಸತ್ಯನಾಥ, ಆ ಮಾರ್ತಮ್ಮನ ಹಾಡು ಬರೆದುಕೋ. ಈ ಸೀಮೆಯ ಬೀಸೋ ಪದದ ಧಾಟಿ ಅದರಲ್ಲಿದೆ, ಬೇರೆಲ್ಲೂ ಸಿಗುವುದಿಲ್ಲ' ಅಂದರು. ನಾನು ಕಾಗದ, ಶಾಯಿ ತಗೊಂಡು ಬಂದು ಕಲ್ಲಿನ ಪಕ್ಕದ ಮಣೆಯ ಮೇಲೆ ಕೂತೆ. ಬರಿದೇ ಹಾಡು ಅಂದರೆ ನಿಮಗೆ ಬರಲಿಲ್ಲ. ಎರಡು ಹಿಡಿ ರಾಗಿ ಹಾಕಿ, ಗೂಟ ಹಿಡಿದು ತಿರುಗಿಸಿದ ಮೇಲೆಯೇ ಬಾಯಿ ಬಿಟ್ಟಿರಿ:

ಬೀಸಿ ಬೀಸಿ ಕೈಯಿ ಸೋತಾವು, ನನ್ನಪ್ಪ,
ಬೇಸತ್ತು ನನ್ನ ಬಿಡಬ್ಯಾಡ, ಬಾಗಿಲಿಗೆ
ಕರುಣಿ ಬಾರೆ ನನ್ನ ಮಡಿಲಿಗೆ.

ಮೂರು ನುಡಿ. ಮೂರಕ್ಕೂ ಕೊನೆಯ ಸಾಲು ಅದೇ. ಎರಡನೆಯದು ಹೊತ್ತು ಮುಳುಗುವ ಮುಂಚೆ ದೀಪ ಹಚ್ಚಿ ಕಾಯುವ ಮಾತು. ಮೂರನೆಯದಕ್ಕೆ ಬಂದಾಗ ನಿಮ್ಮ ಕೈ ನಿಧಾನವಾಯಿತು, ಕಲ್ಲು ಇನ್ನೇನು ನಿಂತೇಬಿಟ್ಟಿತು ಅನ್ನುವ ಹಾಗೆ:

ನೀರು ಬೇಡಿದಾಕಿಗೆ ನೀರು ಕೊಡಲಿಲ್ಲ, ನನ್ನಪ್ಪ,
ಯಾರ ಮಾತ ಕೇಳಿ ಕೆಟ್ಟೆನೋ, ಬಾಯಾರಿ
ಕರುಣಿ ಬಾರೆ ನನ್ನ ಮಡಿಲಿಗೆ.

ನಾನು ತಲೆ ಎತ್ತಿ ನೋಡಬಹುದಿತ್ತು. ನೋಡಲಿಲ್ಲ. ಆಗಲೇ ಮನಸ್ಸಿನಲ್ಲಿ ಕೆಂಪು ಪೆನ್ಸಿಲು ಓಡಾಡುತ್ತಿತ್ತು.

ಮನೆಗೆ ಬಂದು ತಿದ್ದಿದೆ. 'ಸೋತಾವು' ಹಳ್ಳಿಯ ಮಾತು, 'ಸೋತಿಹವು' ಅಂತ ಮಾಡಿದೆ. 'ನನ್ನಪ್ಪ' ತೀರಾ ಸಲಿಗೆಯಾಯಿತು ಅಂತ 'ದೇವನೆ' ಅಂದೆ. ನಿಮ್ಮ ಕಡೆಯವರು ಮನೆಗೆ ಮನಿ ಅನ್ನುತ್ತೀರಿ, ಆಕೆಗೆ ಆಕಿ ಅನ್ನುತ್ತೀರಿ. ಹಾಗೆಯೇ ಕರುಣೆಗೂ ಕರುಣಿ ಅನ್ನುತ್ತೀರಿ ಅಂದುಕೊಂಡೆ. ಗುಡಿಸು ತೆಗೆದು ಎತ್ವ ಕೊಟ್ಟೆ. ದೇವರ ಕರುಣೆಯನ್ನು ಬೀದಿಯಲ್ಲಿ ಆಡುವ ಹುಡುಗಿಯನ್ನು ಕರೆದ ಹಾಗೆ 'ಬಾರೆ' ಅಂತ ಕರೆಯಬಹುದೇ? 'ಕರುಣೆ ಬರಲಿ ಎನ್ನ ಮನಸಿಗೆ' ಅಂತಾಯಿತು. ಮೂರನೆಯ ನುಡಿಯಲ್ಲಿ 'ಬೇಡಿದಾಕಿಗೆ' ಅನ್ನುವುದು ನನಗೆ ಶುದ್ಧ ತಪ್ಪಾಗಿ ಕಂಡಿತು. ಶಿಲುಬೆಯ ಮೇಲೆ ನೀರು ಬೇಡಿದವನು ಸ್ವಾಮಿ, ಗಂಡಸು. ಅಡುಗೆಯ ಹೆಂಗಸಿಗೆ ಲಿಂಗ ವಚನ ಎಲ್ಲಿ ತಿಳಿಯಬೇಕು ಅಂತ ನಗುತ್ತ 'ಬೇಡಿದಾತಗೆ' ಅಂತ ಸರಿ ಮಾಡಿದೆ. ಹೌದು, ನಗುತ್ತಲೇ ಮಾಡಿದೆ. ಅದನ್ನು ಮುಚ್ಚಿಟ್ಟರೆ ಈ ಕಾಗದ ಬರೆದು ಏನು ಬಂತು?

ತಿದ್ದಿದ್ದನ್ನು ನಿಮಗೆ ಓದಿ ಹೇಳಿದ್ದೆ, ಅಷ್ಟು ಮಟ್ಟಿಗೆ ನಾನು ಪ್ರಾಮಾಣಿಕ. ಕೈಗೆ ಹಿಟ್ಟು ಮೆತ್ತಿಕೊಂಡು ನಿಂತೇ ಕೇಳಿದಿರಿ. 'ಬಾರೆ ಅನ್ನಾದು ಎಲ್ಲಿ ಹೋತ್ರಿ?' ಅಂದಿರಿ. ನಾನು ಗೌರವದ ಮಾತು, ಸಲಿಗೆಯ ಮಾತು ಅಂತ ಬಿಡಿಸಿ ಹೇಳಿದೆ. ನೀವು ಕೈಗಂಟಿದ ಹಿಟ್ಟು ತೀಡುತ್ತ, 'ಹೋಗ್ಲಿ ಬಿಡ್ರಿ. ಕರುಣಿ ಅನ್ನಾದೊಂದು ಮಾತ್ರ ತೆಗೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ' ಅಂದಿರಿ. ಅಷ್ಟಕ್ಕೆಲ್ಲ ಕಾಲಿಗೆ ಬೀಳುವುದೇಕೆ ಅಂತ ಆಶ್ಚರ್ಯವಾಯಿತು. 'ಕರುಣೆ ಇಲ್ಲದೆ ಕೀರ್ತನೆ ಇರುತ್ತದೆಯೇ? ಮೂರು ಕಡೆಯೂ ಇದೆ' ಅಂದೆ. ನೀವು ನಕ್ಕಿರಿ. ನಾನು ಹೇಳಿದ್ದು ಒಂದು, ನೀವು ಕೇಳಿಸಿಕೊಂಡದ್ದು ಇನ್ನೊಂದು. ನಿಮ್ಮ ಊರಿನ ಕಿವಿಗೆ ಣೆ, ಣಿ ಎರಡೂ ಒಂದೇ ಅನ್ನುವುದು ನನಗೆ ಹೊಳೆಯಬೇಕಿತ್ತು.

ಪುಸ್ತಕ ಅಚ್ಚಾಗಿ ಬಂದ ದಿನ ಅದನ್ನು ಅಡುಗೆಮನೆಗೆ ತಂದುಕೊಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು, 'ನನ್ನ ಪದ ಎಲ್ಲೈತೆ, ಬೆರಳು ಇಡಿಸ್ರಿ' ಅಂದಿರಿ. ನಿಮ್ಮ ತೋರುಬೆರಳು ಹಿಡಿದು ಮೊದಲ ಸಾಲಿನ ಮೇಲೆ ಇಟ್ಟೆ. ನೀವು ಸಾಲಿನಿಂದ ಸಾಲಿಗೆ ಜಾರಿಸುತ್ತ ಬಂದು ಕೆಳಗೆ ಒಂಟಿಯಾಗಿದ್ದ ಸಣ್ಣ ಅಕ್ಷರಗಳ ಮೇಲೆ ನಿಂತಿರಿ. 'ಇದೇನ್ರಿ ಇಲ್ಲಿ?' ಅಲ್ಲಿ 'ಜೆ. ಸತ್ಯನಾಥ' ಅಂತ ಇತ್ತು. ನಾನು ಹಾಗೆ ಹಾಕಿ ಅಂತ ಬರೆದಿರಲಿಲ್ಲ, ಅಕ್ಕ. ಹಾಡಿನ ಜೊತೆ ಕಳಿಸಿದ ಕಾಗದದ ಕೆಳಗೆ ರುಜು ಮಾಡಿದ್ದೆ, ಅವರು ಅದನ್ನೇ ಕಟ್ಟಿದವರ ಹೆಸರು ಅಂತ ತಿಳಿದರು. ಆದರೆ ಊರವರ ತಪ್ಪನ್ನೆಲ್ಲ ತಿದ್ದುವವನು ಆ ಒಂದು ತಪ್ಪನ್ನು ತಿದ್ದಲಿಲ್ಲ. 'ಅದು ರಾಗದ ಹೆಸರು' ಅಂದೆ. 'ಹೌದಾ' ಅಂದು ನೀವು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಿರಿ.

ಆ ವಾರವೇ ಇರಬೇಕು, 'ಒಂದೇ ಒಂದು ಮಾತು ಬರೆಯಾದು ಕಲಿಸ್ರಿ ಮೇಷ್ಟ್ರೆ' ಅಂತ ಕೇಳಿದ್ದಿರಿ. ಅಕ್ಷರ ಅಂದರೆ ಅ ಆ ಇಂದ ಶುರು ಮಾಡಬೇಕು, ನಡುವೆ ಕಿತ್ತುಕೊಂಡು ಕಲಿಯಲು ಆಗುವುದಿಲ್ಲ ಅಂದೆ. ಯಾವ ಮಾತು ಅಂತ ಕೇಳಲಿಲ್ಲ. ಕೇಳಿದ್ದರೆ…

ಆಮೇಲೆ ಆದದ್ದನ್ನು ಅರ್ಧ ನೀವೂ ಕಂಡಿದ್ದೀರಿ. ಹಾಡು ಹಬ್ಬಿತು. ಹೊನ್ನಾಳಿಯ ಸಭೆಯವರು ಹೇಳಿ ಕಳಿಸಿದರು, ಕಲಿಸಿ ಬಂದೆ. ನ್ಯಾಮತಿಯಲ್ಲಿ ಶುಭ ಶುಕ್ರವಾರ ಮೂರನೆಯ ನುಡಿಗೆ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಗೋವಿನಕೋವಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಮುದುಕರೊಬ್ಬರು ನನ್ನ ಎರಡೂ ಕೈ ಹಿಡಿದು, 'ನೀರು ಬೇಡಿದಾತಗೆ ಅಂದ್ರಲ್ಲ ಮೇಷ್ಟ್ರೆ, ಅದು ದೇವರು ಬರೆಸಿದ್ದು' ಅಂದರು. ಅಯ್ಯನವರು ಆ ಒಂದು ಮಾತಿನ ಮೇಲೆಯೇ ಮುಕ್ಕಾಲು ಗಂಟೆ ಪ್ರಸಂಗ ಮಾಡಿದರು. ಎಲ್ಲರೂ ಹೊಗಳುತ್ತಿದ್ದದ್ದು ನಾನು ತಿದ್ದಿದ ಆ ಒಂದಕ್ಷರವನ್ನು. ಅಷ್ಟು ದಿನಕ್ಕೆ ಹಾಡೇ ನನ್ನದು ಅಂತ ನನಗೂ ಅನ್ನಿಸತೊಡಗಿತ್ತು. ಊರಿಗೆ ಬಂದರೆ ನೀವು ಚರ್ಚಿನ ಹಿಂದಿನ ಸಾಲಿನಲ್ಲಿ ಕೂತು ತುಟಿ ಆಡಿಸುತ್ತಿದ್ದಿರಿ. ನಿಮ್ಮ ತುಟಿಯ ಮೇಲೆ ಯಾವ ಮಾತು ಇತ್ತು ಅಂತ ಕಿವಿಗೊಟ್ಟು ಕೇಳಿದವರು ಯಾರು?

ನಿಮ್ಮ ಕೊನೆಯ ಮೂರು ದಿನ ನನಗೆ ಈಗ ಬೇರೆಯಾಗಿಯೇ ಕಾಣುತ್ತದೆ. ಯುದ್ಧ ಮುಗಿಯುವ ವರ್ಷ, ಸೀಮೆಎಣ್ಣೆಗೂ ರೇಷನ್ನು, ಔಷಧಕ್ಕೂ ಬರ. ಬೋರ್ಡಿಂಗಿನ ಉಗ್ರಾಣದಲ್ಲೇ ಚಾಪೆ ಹಾಸಿ ಮಲಗಿಸಿದ್ದೆವು. ಜ್ವರ ಇಳಿಯಲೇ ಇಲ್ಲ. ನೀರಿನ ಲೋಟ ಬಾಯಿಗೆ ಹಿಡಿದರೆ ಮುಖ ತಿರುಗಿಸಿ, 'ಆಕಿಗೆ ಮೊದ್ಲು ಕೊಡ್ರಿ' ಅನ್ನುತ್ತಿದ್ದಿರಿ. ನಾನು ಸುತ್ತ ನೋಡಿದೆ, ಯಾರೂ ಇರಲಿಲ್ಲ. ಜ್ವರದ ಬಡಬಡಿಕೆ ಅಂದುಕೊಂಡೆ. ಹಾಡಿ ಅಂದಿರಿ, ಪುಸ್ತಕದಲ್ಲಿ ಇದ್ದ ಹಾಗೆ ಹಾಡಿದೆ. ನೀವು ತಲೆ ಅಲ್ಲಾಡಿಸಿ 'ಬಾರೆ, ಬಾರೆ' ಅಂದಿರಿ. ಯಾವುದೋ ಹುಡುಗಿಯನ್ನು ಕರೆಯುತ್ತಿದ್ದೀರಿ ಅಂತ ಎದ್ದು ಹೋಗಿ ಒಬ್ಬಳನ್ನು ಕರೆತಂದೆ. ಅವಳು ಬಾಗಿಲಿಗೆ ಬರುವಷ್ಟರಲ್ಲಿ ನೀವು ಹೋಗಿದ್ದಿರಿ.

ಜಗಳೂರಿನಲ್ಲಿ ನಿಮಗೊಬ್ಬರು ನಾದಿನಿ ಇರುವುದು ನೀವು ಹೋದ ಮೇಲೆ ಬೋರ್ಡಿಂಗಿನ ಹುಡುಗಿಯರಿಂದ ತಿಳಿಯಿತು. ನಿಮ್ಮ ತಗಡಿನ ಪೆಟ್ಟಿಗೆಯನ್ನು ಆ ನಾಗವ್ವನಿಗೆ ಮುಟ್ಟಿಸಬೇಕು ಅಂತ ನಾನೇ ಹೊರಟೆ. ಇದ್ದಿಲು ಉರಿಸಿ ಓಡುವ ಬಸ್ಸು ತ್ಯಾವಣಿಗೆ ದಾಟುವ ಮೊದಲೇ ಎರಡು ಸಲ ನಿಂತಿತು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ನಾಗವ್ವ ಪೆಟ್ಟಿಗೆಯ ಮುಚ್ಚಳ ತೆಗೆದರು. ಎರಡು ಸೀರೆ, ಕೀರ್ತನೆ ಪುಸ್ತಕ, ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಹಿತ್ತಾಳೆ ಲೋಟ. ಅದನ್ನು ಅಂಗೈಯಲ್ಲಿ ಇಟ್ಟು ತಿರುಗಿಸಿ ನೋಡಿದರು.

'ಇದು ಕರುಣಿದು ಐತೆ' ಅಂದರು.

'ಯಾರದು?' ಅಂದೆ.

'ಕರುಣಿದು, ಮೇಷ್ಟ್ರೆ. ಆಕಿ ಮಗಳು. ನಿಮಗೆ ಹೇಳಿಲ್ಲೇನು?'

ನಾನು ಗೋಡೆಗೆ ಒರಗಿ ಕೂತೆ. ಅವರೇ ಹೇಳುತ್ತ ಹೋದರು. ಆರು ವರ್ಷದ ಹುಡುಗಿ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಕರುಣ, ಎಲ್ಲರ ಬಾಯಲ್ಲೂ ಕರುಣಿ. ವಾಂತಿಭೇದಿ ಬಂದ ವರ್ಷ ಮೊದಲು ನಿಮ್ಮ ಗಂಡ ಹೋದರು, ಮೂರನೇ ದಿನ ಮಗುವಿಗೆ ಹತ್ತಿಕೊಂಡಿತು. 'ನೀರು ಕುಡಿಸಿದ್ರೆ ಒಳಗಿಂದು ಎಲ್ಲಾ ಕಿತ್ಕೊಂಡು ಬರ್ತೈತೆ, ಕೊಡಬ್ಯಾಡ ಅಂತ ಊರೋರೆಲ್ಲ ಹೇಳಿದ್ರು. ನಾನೂ ಹೇಳ್ದೆ. ಆಗ ಹಂಗೇ ತಿಳ್ಕೊಂಡಿದ್ವಿ. ಬೆಳಗಿಂದ ಸಂಜಿ ತಂಕ ಆ ಕೂಸು ಲೋಟ ಹಿಡ್ಕೊಂಡು ನೀರು ನೀರು ಅಂತು. ಮಾರ್ತಿ ಕಿವಿ ಮುಚ್ಕೊಂಡು ಕುಂತ್ಳು. ಆಮ್ಯಾಲೆ ದವಾಖಾನಿಯೋರು ಬಂದು ನೀರೇ ಔಷಧ ಅಂದ್ರು. ಅಷ್ಟೊತ್ತಿಗೆ ಮಣ್ಣಾಗಿತ್ತು.' ಎಲ್ಲಿ ಹೂಳಿದಿರಿ ಅಂತ ಕೇಳಿದೆ. ಹಳ್ಳದ ದಂಡೆಗೆ, ಎರಡು ಮಳೆಗಾಲಕ್ಕೆ ಹಳ್ಳ ಆ ದಂಡೆಯನ್ನೇ ತಗೊಂಡು ಹೋಯಿತು ಅಂದರು.

ನೀರು ಬೇಡಿದಾಕಿ. ನನ್ನ ಕಣ್ಣೆದುರೇ ಕೂತು ಹೇಳಿದ್ದಿರಲ್ಲ ಅಕ್ಕ, ಅದಕ್ಕಿಂತ ಬಿಡಿಸಿ ಯಾರಾದರೂ ಹೇಗೆ ಹೇಳಿಯಾರು? ನಾನು ಆ ಮಗುವನ್ನು ಎತ್ತಿ ಶಿಲುಬೆಗೆ ಹಾಕಿದೆ. ಊರೂರು ತಿರುಗಿ ಅದಕ್ಕೇ ಕೈ ಕುಲುಕಿಸಿಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ ಒಂದು ರೀತಿ. ನಾಗವ್ವ ಕಣ್ಣೊರೆಸಿಕೊಂಡು ಪುಸ್ತಕ ಕೈಗೆತ್ತಿಕೊಂಡರು. 'ಹೋದ ವರ್ಷ ಬಂದಾಗ ಮಾರ್ತಿ ಹೇಳಿದ್ಳು. ಕರುಣಿ ಹೆಸ್ರು ಪುಸ್ತಕದಾಗೆ ಅಚ್ಚಾಗೈತೆ, ಮೂರು ಕಡಿ ಐತೆ, ಮೇಷ್ಟ್ರೇ ಖುದ್ದು ಹೇಳಿದ್ರು ಅಂತ. ಹಳ್ಳಕ್ಕೆ ಹೋದ್ರೇನಾತು, ಪುಸ್ತಕದಾಗೆ ಉಳಕಂತು ಅಂತ ಖುಷಿಯಾಗಿದ್ಳು. ಕೆಳಗೆ ಇರೋದು ನಿಮ್ಮ ಹೆಸ್ರಂತಲ್ಲ, ಬೋರ್ಡಿಂಗಿನ ಹುಡುಗಿ ಯಾವ್ದೋ ಓದಿ ಹೇಳೈತೆ. ಇರ್ಲಿ ಬಿಡು ಪಾಪ, ಬರ್ದೋರು ಅವ್ರಲ್ವಾ ಅಂದ್ಳು.' ಆಮೇಲೆ ಪುಸ್ತಕ ನನ್ನ ಮುಂದೆ ಹಿಡಿದು, 'ಎಲ್ಲೈತ್ರಿ ನಮ್ಮ ಕರುಣಿ? ಬೆರಳು ಇಡಿಸ್ರಿ' ಅಂದರು.

ಗೊತ್ತಿತ್ತು ನಿಮಗೆ. ಎಷ್ಟು ದಿನದಿಂದಲೋ ನನ್ನ ಸುಳ್ಳು ಗೊತ್ತಿದ್ದೂ ನನಗೆ ಬಿಸಿ ರೊಟ್ಟಿ ತಟ್ಟಿ ಹಾಕಿದಿರಿ. ನಿಮ್ಮ ಹೆಸರು ಹೋದರೆ ಹೋಗಲಿ, ಮಗಳ ಹೆಸರು ಇದೆ ಅಂತ ನಂಬಿ ಹೋದಿರಿ. ಅದೂ ಇರಲಿಲ್ಲ. ಹಾಗಿದ್ದೂ ನಾನೇನು ಮಾಡಿದೆ ಗೊತ್ತೇ? ನಾಗವ್ವನ ಬೆರಳು ಹಿಡಿದು 'ಕರುಣೆ' ಅನ್ನುವುದರ ಮೇಲೆ ಇಟ್ಟು, 'ಇಲ್ಲಿ' ಅಂದೆ. ಮೂರು ಕಡೆಯೂ ಇಡಿಸಿದೆ. ಅವರು ಪ್ರತಿ ಸಲವೂ ಬೆರಳನ್ನು ತುಟಿಗೆ ಮುಟ್ಟಿಸಿಕೊಂಡರು.

ಚನ್ನಗಿರಿಗೆ ವಾಪಸು ಬಂದ ದಿನವೇ ಪುಸ್ತಕದವರಿಗೆ ಕಾಗದ ಬರೆದೆ. ಒಂದನ್ನೂ ಬಿಡದೆ ಎಲ್ಲ ಬರೆದೆ. ನಾಲ್ಕು ತಿಂಗಳಿಗೆ ಉತ್ತರ ಬಂತು. ಮುಂದಿನ ಅಚ್ಚಿನಲ್ಲಿ ನನ್ನ ಹೆಸರು ಬೇಡವಾದರೆ ತೆಗೆಯಲು ಅಡ್ಡಿಯಿಲ್ಲ. ಆದರೆ ಮಾತುಗಳು ಸಭೆಗಳ ನಾಲಿಗೆಯ ಮೇಲೆ ಕೂತುಬಿಟ್ಟಿವೆ, ಬದಲಿಸಲಾಗದು. ಅಲ್ಲದೆ 'ಕರುಣಿ' ಎಂಬುದು ಅಶುದ್ಧ ರೂಪ, ತಾವೇ ಶಿಕ್ಷಕರಾಗಿದ್ದು ಇದನ್ನು ಅರಿಯದವರಲ್ಲ. ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ ಬೇರೆ. ಓದಿ ನಗು ಬಂತು. ಎಂಥ ನಗು ಅಂತ ಕೇಳಬೇಡಿ. ಹೊಸ ಅಚ್ಚು ಈ ಬೇಸಗೆಯಲ್ಲಿ ಬಂದಿದೆ. ನಿಮ್ಮ ಹಾಡಿನ ಕೆಳಗೆ ಈಗ 'ಕಟ್ಟಿದವರು ತಿಳಿಯದು' ಅಂತ ಇದೆ.

ಪುಸ್ತಕ ಕೈಬಿಟ್ಟ ಮೇಲೆ ಉಳಿದದ್ದು ನಿಮ್ಮ ಸಮಾಧಿಯ ಕಲ್ಲು. ನಿಮ್ಮ ಬೀಸೋ ಕಲ್ಲಿಗೆ ವರ್ಷಕ್ಕೊಮ್ಮೆ ಉಳಿ ಹೊಡೆದುಕೊಡುತ್ತಿದ್ದ ತಿಪ್ಪೇಶಿ ಗೊತ್ತಲ್ಲ, ನಲ್ಲೂರಿನವನು, ನನ್ನ ಹತ್ತಿರವೇ ನಾಲ್ಕನೇ ಕ್ಲಾಸಿನ ತನಕ ಓದಿದವನು. ಅವನಿಗೇ ಹೇಳಿದೆ. 'ಮಾರ್ತಮ್ಮ, ಕರುಣಿಯ ತಾಯಿ, ಬೀಸೋ ಕೀರ್ತನೆ ಕಟ್ಟಿದಾಕೆ' ಅಂತ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಕಲ್ಲು ನೆಟ್ಟಿದ್ದೇನೆ ಬನ್ನಿ ಸಾರ್ ಅಂತ ಕರೆದ. ಹೋಗಿ ನೋಡಿದರೆ 'ಕರುಣೆಯ ತಾಯಿ' ಅಂತ ಕೊರೆದಿದ್ದ. ಅವನು ಹೆಮ್ಮೆಯಿಂದ, 'ನೀವು ಅವಸರದಾಗೆ ತಪ್ಪು ಬರೆದಿದ್ರಿ ಸಾರ್, ನಾನೇ ಸರಿ ಮಾಡ್ದೆ. ಕರುಣಿ ಅಂತ ಬರೆದ್ರೆ ನೀವೇ ಬೆರಳ ಗಿಣ್ಣಿಗೆ ಹೊಡೀತಿದ್ರಲ್ಲ' ಅಂದ. ನಿಜ, ಹೊಡೆದಿದ್ದೆ. ಕರುಣಿ, ಮನಿ, ಆಕಿ, ಎಲ್ಲದಕ್ಕೂ ಹೊಡೆದಿದ್ದೆ. ಅವನಿಗೆ ಕೂತು ಎಲ್ಲ ಹೇಳಿದೆ. ಅವನು ಬೀಡಿ ಆರಿಸಿ ಉಳಿ ತಗೊಂಡ. ಆದರೆ ಕಲ್ಲಿನಲ್ಲಿ ಕೊರೆದದ್ದು ಸ್ಲೇಟಿನ ಹಾಗೆ ಒರೆಸಿದರೆ ಹೋಗುತ್ತದೆಯೇ? ಎತ್ವವನ್ನು ಕೆತ್ತಿ ತೆಗೆದು ಗುಡಿಸು ಕೊಡುವಷ್ಟರಲ್ಲಿ ಆ ಅಕ್ಷರದ ನೆತ್ತಿಯಲ್ಲಿ ಹೆಬ್ಬೆರಳು ಹೂತುಹೋಗುವಷ್ಟು ಗುಳಿ ಬಿತ್ತು. ಬೇರೆ ಕಲ್ಲು ಹಾಕಿಕೊಡ್ತೀನಿ ಅಂದ. ಬೇಡ ಅಂದೆ.

ಇನ್ನು ನೀವು ಕೇಳದ ಸುದ್ದಿ. ಹೋದ ವಾರ ಜಗಳೂರಿಗೆ ಹೋಗಿ ನಾಗವ್ವನನ್ನು ಕರೆದುಕೊಂಡು ಬಂದೆ. ಅವರಿಗೆ ಈಗ ಕಣ್ಣು ಪೂರ್ತಿ ಮಂಜು. ದಾರಿಯಲ್ಲೇ ನಿಜ ಹೇಳಬೇಕು ಅಂದುಕೊಂಡಿದ್ದೆ, ಬಸ್ಸಿನ ಸದ್ದಿನ ನೆಪ ಮಾಡಿಕೊಂಡು ಹೇಳಲಿಲ್ಲ. ಸಮಾಧಿ ಹತ್ತಿರ ಕೂರಿಸಿ, ಮೊದಲು ಅವರಿಗೆ ನೀರು ಕೊಟ್ಟೆ, ಕರುಣಿಯ ಲೋಟದಲ್ಲೇ. ಅವರೇ ತಂದಿದ್ದರು. ಅರ್ಧ ಕುಡಿದು ಉಳಿದದ್ದನ್ನು ಕಲ್ಲಿನ ಬುಡಕ್ಕೆ ಹಾಕಿದರು. ಕ್ರೈಸ್ತರಲ್ಲಿ ಆ ಪದ್ಧತಿ ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಆಮೇಲೆ ಅವರ ಬೆರಳು ಹಿಡಿದು ಕಲ್ಲಿನ ಮೇಲೆ ಇಟ್ಟೆ. ಇದು ಕ, ಇದು ರು, ಇದು ಣಿ. ಬೆರಳು ಗುಳಿಯೊಳಗೆ ಇಳಿದು ನಿಂತಿತು.

'ಇಲ್ಯಾಕ್ರಿ, ಕಲ್ಲು ಗಾಯ ಆಗೈತಲ್ಲ?'

'ಅಲ್ಲಿ ನಾನು ತಿದ್ದಿದ್ದೆ, ನಾಗವ್ವ' ಅಂದೆ. ಅಂದವನು ನಿಲ್ಲಿಸಲಿಲ್ಲ. ಪುಸ್ತಕದಲ್ಲಿ ಕರುಣಿ ಇಲ್ಲ, ಒಂದು ಕಡೆಯೂ ಇಲ್ಲ, ಅವತ್ತು ನಿಮ್ಮ ಬೆರಳು ಇಡಿಸಿದ್ದು ಬೇರೆ ಮಾತಿನ ಮೇಲೆ, ಮಾರ್ತಕ್ಕನಿಗೂ ಸುಳ್ಳು ಹೇಳಿದ್ದೆ, ಅದು ರಾಗದ ಹೆಸರಲ್ಲ… ಎಲ್ಲ ಹೇಳಿದೆ. ಅವರು ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬೆರಳನ್ನು ಆ ಗುಳಿಯಿಂದ ತೆಗೆಯಲೇ ಇಲ್ಲ.

ಬರುವ ಶುಭ ಶುಕ್ರವಾರ ನಾನು ಎದ್ದು ನಿಂತು ನಿಮ್ಮ ಮಾತಿನಲ್ಲೇ ಹಾಡುತ್ತೇನೆ, ಅಕ್ಕ. ಬೇಡಿದಾಕಿ ಅಂತಲೇ, ಬಾರೆ ಅಂತಲೇ. ಮಿಕ್ಕವರು ಪುಸ್ತಕ ನೋಡಿಕೊಂಡು ಹಾಡಲಿ. ನಾಗವ್ವ ಬಸ್ಸಿಗೆ ಏಳುವ ಮುಂಚೆ ಹೇಳಿದ ಮಾತನ್ನು ಅವರು ಹೇಳಿದ ಹಾಗೇ ನಿಮಗೆ ಬರೆಯುತ್ತಿದ್ದೇನೆ, ಒಂದಕ್ಷರ ತಿದ್ದಿಲ್ಲ:

'ಇನ್ನೊಂದ್ಸಲ ಬಂದ್ರೆ ನೀವು ಬೆರಳು ಹಿಡ್ಯಾದು ಬ್ಯಾಡ್ರಿ ಮೇಷ್ಟ್ರೆ. ಗಾಯ ಐತಲ್ಲ, ನಾನೇ ಹುಡಿಕ್ಕೊಂತೀನಿ.'

ನಿಮ್ಮ
ಸತ್ಯನಾಥ